ಅಪ್‌ಡೇಟ್ ತಲುಪಿದರೆ ಸಾಲದು, ಎಚ್ಚರಿಕೆಯೂ ತಲುಪಬೇಕು

2008ರ ಮೇ 13ರಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಒಂದು ರೂಪವನ್ನು ಕಟ್ಟಿ ಹಂಚುವ ಡೆಬಿಯನ್ ಯೋಜನೆಯ ಭದ್ರತಾ ತಂಡ ತನ್ನ 1571ನೇ ಪ್ರಕಟಣೆಯನ್ನು ಹೊರಡಿಸಿತು. ವಿಷಯ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನದು (ಪ್ಯಾಕೇಜೆಂದರೆ ಸ್ಥಾಪಿಸಲು ಸಿದ್ಧವಾಗಿ ಬರುವ ತಂತ್ರಾಂಶದ ಕಟ್ಟು). ಗೂಢಲಿಪಿಗೆ ಬೇಕಾದ ಕೀಲಿಗಳನ್ನು ತಯಾರಿಸಿಕೊಡುವುದು ಈ ತಂತ್ರಾಂಶದ ಕೆಲಸ. ಕೋಡ್ ಪರೀಕ್ಷಿಸುವ ಸಾಧನವೊಂದು ಆಕ್ಷೇಪ ಎತ್ತಿತೆಂಬ ಕಾರಣಕ್ಕೆ 2006ರ ಸೆಪ್ಟೆಂಬರಿನಲ್ಲಿ ಡೆಬಿಯನ್‌ನ ಆವೃತ್ತಿಯಿಂದ ಒಂದೆರಡು ಸಾಲುಗಳನ್ನು ತೆಗೆಯಲಾಗಿತ್ತು. ಆ ಸಾಲುಗಳ ಜೊತೆಗೆ, ಕೀಲಿಯನ್ನು ಯಾರೂ ಊಹಿಸಲಾಗದಂತೆ ಮಾಡುವ ಅಂಶವೇ ಹೊರಟುಹೋಗಿತ್ತು. ಒಂದು ಕೀಲಿಗೂ ಇನ್ನೊಂದಕ್ಕೂ ವ್ಯತ್ಯಾಸ ತರುವಂಥದ್ದೆಂದರೆ, ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೆ ಯಂತ್ರ ಕೊಡುವ ಪ್ರೊಸೆಸ್ ಸಂಖ್ಯೆ ಮಾತ್ರ ಉಳಿದಿತ್ತು. ಅದರ ಗರಿಷ್ಠ ಮಿತಿ 32,768. ಸಾಧಾರಣ ಕಂಪ್ಯೂಟರು ಕೂಡ ಅಷ್ಟೂ ಕೀಲಿಗಳನ್ನು ಮೊದಲೇ ತಯಾರಿಸಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಬಹುದಿತ್ತು. ಸುಮಾರು 20 ತಿಂಗಳು ಯಾರ ಕಣ್ಣಿಗೂ ಬೀಳದಿದ್ದ ಈ ದೋಷವನ್ನು ಪತ್ತೆ ಹಚ್ಚಿದವರು ಲೂಸಿಯಾನೋ ಬೆಲ್ಲೋ.

ಸರಿಪಡಿಸಿದ ಪ್ಯಾಕೇಜು ಅದೇ ದಿನ ಸಿದ್ಧವಾಗಿತ್ತು. ಆದರೆ ಅದನ್ನು ಹಾಕಿಕೊಂಡ ಮಾತ್ರಕ್ಕೆ ಯಾರೂ ಸುರಕ್ಷಿತರಾಗಲಿಲ್ಲ. ದುರ್ಬಲ ಕೀಲಿಗಳು ಆಗಲೇ ತಯಾರಾಗಿ, ಬಳಕೆಗೆ ಬಂದು, ಬೇರೆ ಬೇರೆ ಯಂತ್ರಗಳಿಗೆ ಹರಡಿದ್ದವು. ಡೆಬಿಯನ್ ಅಥವಾ ಅದರ ಮೇಲೆ ಕಟ್ಟಿದ ಉಬುಂಟು ಇರುವ ಲ್ಯಾಪ್‌ಟಾಪಿನಲ್ಲಿ ಕೀಲಿ ಮಾಡಿಕೊಂಡ ಒಬ್ಬಾತ ಅದನ್ನು ಬೇರೆ ಯಾವುದೋ ಆಪರೇಟಿಂಗ್ ಸಿಸ್ಟಂ ಇರುವ ಸರ್ವರಿನಲ್ಲಿ ನೋಂದಾಯಿಸಿದ್ದರೆ, ಡೆಬಿಯನ್ ಹೆಸರನ್ನೇ ಕೇಳದ ಆ ಸರ್ವರಿನ ಬಾಗಿಲೂ ತೆರೆದಂತೆಯೇ ಆಗಿತ್ತು. ಡಿಎಸ್‌ಎ ಎಂಬ ಬಗೆಯ ಕೀಲಿಗಳದ್ದು ಇನ್ನೂ ಕಷ್ಟ: ಬೇರೆಡೆ ಸರಿಯಾಗಿ ತಯಾರಾಗಿದ್ದರೂ, ದೋಷವಿರುವ ಯಂತ್ರದಲ್ಲಿ ಅವನ್ನು ಒಮ್ಮೆ ಬಳಸಿದ್ದರೆ ಕೈಬಿಟ್ಟುಹೋದವೆಂದೇ ತಿಳಿಯಬೇಕು ಎಂದು ಪ್ರಕಟಣೆ ಹೇಳಿತು. ಹಳೆಯ ಕೀಲಿಗಳನ್ನು ಹುಡುಕಿ ತೆಗೆಯುವುದು, ಹೊಸದನ್ನು ಮಾಡುವುದು, ಜಾಲತಾಣಗಳ ಗುರುತಿನ ಪ್ರಮಾಣಪತ್ರಗಳನ್ನು ಹೊಸದಾಗಿ ಪಡೆಯುವುದು, ಇವೆಲ್ಲ ಮನುಷ್ಯರೇ ಕೂತು ಮಾಡಬೇಕಾದ ಕೆಲಸಗಳು. ಅವರಿಗೆ ಹಾಗೆಂದು ಗೊತ್ತಾಗಬೇಕಷ್ಟೆ.

ಮುಕ್ತ ತಂತ್ರಾಂಶದ ಲೋಕದಲ್ಲಿ ದೋಷ ಸರಿಪಡಿಸುವ ವೇಗದ ಬಗ್ಗೆ ನಾವು ಬಹಳ ಮಾತನಾಡುತ್ತೇವೆ, ಮೆಚ್ಚಿಕೊಳ್ಳುತ್ತೇವೆ. ಸರಿಪಡಿಸಿದ ಮೇಲೆ ಬಳಕೆದಾರರು ಮಾಡಬೇಕಾದದ್ದನ್ನು ಅವರ ಕಿವಿಗೆ ಮುಟ್ಟಿಸುವ ಕೆಲಸಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಅದರ ಬೆಲೆಯನ್ನು ಈ ಪ್ರಕರಣವೇ ತೋರಿಸಿತು. 2015ರಲ್ಲಿ, ಎಂದರೆ ಪ್ರಕಟಣೆ ಹೊರಟ ಏಳು ವರ್ಷಗಳ ಬಳಿಕ, ಸಂಶೋಧಕರೊಬ್ಬರು ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ಖಾತೆಗಳ ಸಾರ್ವಜನಿಕ ಕೀಲಿಗಳನ್ನು ಸಂಗ್ರಹಿಸಿ ನೋಡಿದಾಗ ಅವುಗಳ ನಡುವೆ ಡೆಬಿಯನ್‌ನ ಅದೇ ದುರ್ಬಲ ಕೀಲಿಗಳು ಸಿಕ್ಕವು. ಗಿಟ್‌ಹಬ್ ಅವನ್ನು ರದ್ದು ಮಾಡಬೇಕಾಯಿತು. ಆ ಖಾತೆಗಳ ಒಡೆಯರು ತಂತ್ರಜ್ಞಾನ ತಿಳಿಯದವರಲ್ಲ, ಕೋಡ್ ಬರೆಯುವವರು.

ಡೆಬಿಯನ್ ಆಗ ಕೈಕಟ್ಟಿ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ಗೆ ಮರುದಿನವೇ ಬಂದ ಅಪ್‌ಡೇಟಿನಲ್ಲಿ ದುರ್ಬಲ ಕೀಲಿಗಳ ಪಟ್ಟಿಯನ್ನೇ ಸೇರಿಸಿದರು. ಪಟ್ಟಿಯಲ್ಲಿರುವ ಕೀಲಿ ಹಿಡಿದು ಬಂದವರನ್ನು ಸರ್ವರು ಒಳಗೆ ಬಿಡುತ್ತಿರಲಿಲ್ಲ. ಅಪ್‌ಡೇಟ್ ಹಾಕುವ ಹೊತ್ತಿಗೆ ಯಂತ್ರದ್ದೇ ಕೀಲಿ ದುರ್ಬಲವೆಂದು ಕಂಡುಬಂದರೆ ಪರದೆಯ ಮೇಲೆ ಆ ಮಾತು ಹೇಳಿ, ಒಪ್ಪಿಗೆ ಕೇಳಿ, ಹೊಸದನ್ನು ತಯಾರಿಸುತ್ತಿತ್ತು. ಕೀಲಿಗಳನ್ನು ತಪಾಸಣೆ ಮಾಡುವ ಚಿಕ್ಕ ಸಾಧನವೊಂದನ್ನೂ ಕೊಟ್ಟರು. ಆ ಇಡೀ ಕಾರ್ಯಾಚರಣೆಯಲ್ಲಿ ಅತ್ಯಂತ ಫಲ ಕೊಟ್ಟದ್ದು ಅಪ್‌ಡೇಟಿನೊಳಗೇ ಬಂದ ಈ ಸೂಚನೆ ಎಂದು ನನಗನ್ನಿಸುತ್ತದೆ. ಎಚ್ಚರಿಕೆ ಇಲ್ಲಿ ಬಳಕೆದಾರ ಎಲ್ಲೋ ಹೋಗಿ ಓದಬೇಕಾದ ಪ್ರಕಟಣೆಯಾಗಿ ಉಳಿಯದೆ ಪ್ಯಾಕೇಜಿನ ಒಳಗೇ ಕುಳಿತು, ಅವನ ಬೆರಳು ಕೀಬೋರ್ಡಿನ ಮೇಲಿದ್ದ ಕ್ಷಣದಲ್ಲೇ ಎದುರಿಗೆ ಬಂತು.

ಇಷ್ಟೊಂದು ಸರ್ಕಸ್ ಏಕೆ ಎಂದು ಕೇಳಬಹುದು. ವಾಣಿಜ್ಯ ಕಂಪನಿಗಳಿಗೆ ತಮ್ಮ ಬಳಕೆದಾರರ ಖಾತೆ ಗೊತ್ತು, ಇಮೇಲ್ ಗೊತ್ತು, ಯಾವ ಯಂತ್ರದಲ್ಲಿ ಯಾವ ಆವೃತ್ತಿ ಓಡುತ್ತಿದೆ ಎಂಬುದೂ ಬಹುಮಟ್ಟಿಗೆ ಗೊತ್ತು. ಡೆಬಿಯನ್‌ಗೆ ತನ್ನ ಬಳಕೆದಾರರು ಯಾರೆಂದು ತಿಳಿಯದು. ಡೌನ್‌ಲೋಡ್ ಮಾಡಲು ಹೆಸರು ಕೊಡಬೇಕಿಲ್ಲ, ಅಪ್‌ಡೇಟ್ ಪಡೆಯಲು ನೋಂದಣಿ ಬೇಕಿಲ್ಲ, ಜಗತ್ತಿನಾದ್ಯಂತ ಹರಡಿರುವ ಮಿರರ್ (ನಕಲು ಪ್ರತಿ ಇಟ್ಟುಕೊಂಡ) ಸರ್ವರುಗಳಲ್ಲಿ ಯಾವುದರಿಂದ ಬೇಕಾದರೂ ಪ್ಯಾಕೇಜು ತರಿಸಿಕೊಳ್ಳಬಹುದು. ಯಾವ ಪ್ಯಾಕೇಜು ಎಷ್ಟು ಜನರಲ್ಲಿದೆ ಎಂದು ಎಣಿಸುವ ಅವರ ಸಮೀಕ್ಷೆ ಕೂಡ ಒಪ್ಪಿಕೊಂಡವರಿಗೆ ಮಾತ್ರ. ಅದರ ಮೇಲೆ, ಒಬ್ಬರು ಕಟ್ಟಿದ್ದನ್ನು ಆಧಾರವಾಗಿಟ್ಟು ಇನ್ನೊಬ್ಬರು ಕಟ್ಟುತ್ತಾರೆ: ಡೆಬಿಯನ್‌ನಿಂದ ಉಬುಂಟು, ಉಬುಂಟುವಿನಿಂದ ಮಿಂಟ್. ಮೂಲ ಯೋಜನೆಗೂ ಕೊನೆಯ ಬಳಕೆದಾರನಿಗೂ ನಡುವೆ ಎಷ್ಟು ಕೈಗಳಿವೆಯೋ ಲೆಕ್ಕವಿಲ್ಲ. ಈ ಅಜ್ಞಾತತೆಯನ್ನು ನಾನು ಕೊರತೆ ಎನ್ನಲಾರೆ. ಮುಕ್ತ ತಂತ್ರಾಂಶವನ್ನು ನಾವು ಆರಿಸಿಕೊಳ್ಳುವ ಕಾರಣಗಳಲ್ಲಿ ಅದೂ ಒಂದು. ಆದರೆ ವಿಳಾಸವಿಲ್ಲದವರಿಗೆ ಪತ್ರ ಬರೆಯುವುದು ಹೇಗೆಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ.

ಈ ಪ್ರಶ್ನೆಯನ್ನು ತುಂಬ ಹಿಂದೆಯೇ ಗಂಭೀರವಾಗಿ ಎತ್ತಿಕೊಂಡವರು ಇನ್ನೊಂದು ಲಿನಕ್ಸ್ ವ್ಯವಸ್ಥೆಯಾದ ಜೆಂಟೂ ಯೋಜನೆಯವರು. ಜೆಂಟೂದಲ್ಲಿ ತಂತ್ರಾಂಶ ಸಿದ್ಧಪಡಿಸಿದ ರೂಪದಲ್ಲಿ ಬರುವುದಕ್ಕಿಂತ ಹೆಚ್ಚಾಗಿ ಮೂಲ ಕೋಡಿನಿಂದ ಬಳಕೆದಾರನ ಯಂತ್ರದಲ್ಲೇ ಕಂಪೈಲ್ ಆಗುತ್ತದೆ, ಎಂದರೆ ಓಡಿಸಬಲ್ಲ ರೂಪಕ್ಕೆ ಬದಲಾಗುತ್ತದೆ. ಆದ್ದರಿಂದ ದೊಡ್ಡ ಬದಲಾವಣೆ ಬಂದಾಗ ಬಳಕೆದಾರ ತಾನೇ ಕೈಹಾಕಬೇಕಾದ ಸಂದರ್ಭಗಳು ಹೆಚ್ಚು. ಜಿಸಿಸಿ 3.4 ಕಂಪೈಲರು ಬಂದಾಗ, ಮೈಎಸ್‌ಕ್ಯೂಎಲ್ 4.1ರಲ್ಲಿ ಡೇಟಾಬೇಸಿನ ರಚನೆ ಬದಲಾದಾಗ ಅನೇಕರ ವ್ಯವಸ್ಥೆ ಕೆಟ್ಟಿತು. ಹೇಳಿರಲಿಲ್ಲವೆಂದಲ್ಲ. ವಾರದ ಸುದ್ದಿಪತ್ರವಿತ್ತು, ಪ್ರಕಟಣೆಗಳ ಮೇಲಿಂಗ್ ಲಿಸ್ಟುಗಳಿದ್ದವು, ಚರ್ಚಾವೇದಿಕೆಯಿತ್ತು, ಜಾಲತಾಣವಿತ್ತು. ಚಾವಡಿಯ ಮುಂದೆ ಡಂಗುರ ಹೊಡೆದರೆ ಹೊಲದಲ್ಲಿ ಉಳುತ್ತಿರುವವನಿಗೆ ಕೇಳುವುದಿಲ್ಲ. ಇವೆಲ್ಲವೂ ಬಳಕೆದಾರ ತಾನಾಗಿ ಬಂದು ನೋಡಲಿ ಎಂದು ಕಾಯುವ ದಾರಿಗಳು. ಪ್ಯಾಕೇಜು ಸ್ಥಾಪನೆಯ ಕೊನೆಯಲ್ಲಿ ಪರದೆಯ ಮೇಲೆ ಹರಿದುಹೋಗುವ ಸೂಚನೆಗಳೂ ಇದ್ದವು. ಆದರೆ ಅವು ಬರುವುದು ಕೆಲಸ ಮುಗಿದ ಮೇಲೆ, ಎಂದರೆ ಕೆಡುವುದು ಕೆಟ್ಟಾದ ಮೇಲೆ. ಅದೂ ಕಂಪೈಲರು ಉಗುಳುವ ಸಾವಿರಾರು ಸಾಲುಗಳ ನಡುವೆ.

2005ರ ಕೊನೆಯಲ್ಲಿ ಅವರು ಒಂದು ಪ್ರಸ್ತಾವವನ್ನು ರೂಪಿಸಿದರು. ಜೆಂಟೂ ಸುಧಾರಣಾ ಪ್ರಸ್ತಾವಗಳ ಸಾಲಿನಲ್ಲಿ ಅದರ ಸಂಖ್ಯೆ 42. ಅದು ಹಾಕಿಕೊಂಡ ಷರತ್ತುಗಳನ್ನು ಇಂದು ಓದಿದರೂ ಮೆಚ್ಚುಗೆಯಾಗುತ್ತದೆ. ವ್ಯವಸ್ಥೆ ಕೆಡುವ ಮೊದಲೇ ಎಚ್ಚರಿಕೆ ಸಿಗಬೇಕು. ಅದಕ್ಕಾಗಿ ಬಳಕೆದಾರ ಎಲ್ಲೂ ಹೆಸರು ನೋಂದಾಯಿಸಬೇಕಾಗಬಾರದು, ಯಾವ ತಾಣವನ್ನೂ ದಿನಾ ಕಾಯುತ್ತಾ ಕೂರಬೇಕಾಗಬಾರದು. ಯಾರಿಗೆ ಸಂಬಂಧಿಸಿದೆಯೋ ಅವರಿಗಷ್ಟೇ ತಲುಪಬೇಕು. ಯಂತ್ರದಲ್ಲಿ ಬ್ರೌಸರ್ ಇದೆ, ಇಮೇಲ್ ಇದೆ ಎಂದೆಲ್ಲ ಊಹಿಸಿಕೊಳ್ಳಬಾರದು. ಮತ್ತು ಇದೆಲ್ಲ ಆಗುವಾಗ ಬಳಕೆದಾರನ ಖಾಸಗಿತನಕ್ಕೆ ಧಕ್ಕೆ ಬರಬಾರದು.

ಸಂಬಂಧಿಸಿದವರಿಗಷ್ಟೇ ತಲುಪಬೇಕು, ಖಾಸಗಿತನಕ್ಕೆ ಧಕ್ಕೆ ಬರಬಾರದು ಎಂಬ ಎರಡು ಷರತ್ತುಗಳು ಒಂದಕ್ಕೊಂದು ಎದುರಾಗಿ ನಿಂತಂತೆ ಕಾಣುತ್ತವೆ. ನನ್ನ ಬಳಿ ಮೈಎಸ್‌ಕ್ಯೂಎಲ್ ಇದೆಯೋ ಇಲ್ಲವೋ ಎಂದು ತಿಳಿಯದೆ ನನಗೆ ಸಂಬಂಧಿಸಿದ ಸುದ್ದಿಯನ್ನಷ್ಟೇ ಕಳುಹಿಸುವುದು ಹೇಗೆ? ಜೆಂಟೂ ಕೊಟ್ಟ ಉತ್ತರ ಸರಳ. ಎಲ್ಲ ಸುದ್ದಿಗಳನ್ನೂ ಎಲ್ಲರಿಗೂ ಕಳುಹಿಸು, ಆಯ್ಕೆಯನ್ನು ಬಳಕೆದಾರನ ಯಂತ್ರವೇ ಮಾಡಲಿ. ಪ್ರತಿಯೊಂದು ಸುದ್ದಿಯೂ ಒಂದು ಸಾದಾ ಪಠ್ಯ ಕಡತ. ಪ್ಯಾಕೇಜುಗಳ ಮಾಹಿತಿ ಬರುವ ದಾರಿಯಲ್ಲೇ, ಅದರ ಜೊತೆಗೇ ಅದು ಬರುತ್ತದೆ. ಕಡತದ ತಲೆಯಲ್ಲಿ ಶೀರ್ಷಿಕೆ, ಬರೆದವರು, ದಿನಾಂಕ. ಅವುಗಳ ಕೆಳಗೆ, ಇಂಥ ಪ್ಯಾಕೇಜಿನ ಇಂಥ ಆವೃತ್ತಿ ಇದ್ದರೆ ತೋರಿಸು, ಇಂಥ ಪ್ರೊಸೆಸರ್ ಬಗೆಯಾದರೆ ತೋರಿಸು, ಇಂಥ ಪ್ರೊಫೈಲ್ (ಇಡೀ ವ್ಯವಸ್ಥೆಯ ಮೂಲ ಸೆಟ್ಟಿಂಗುಗಳ ಕಟ್ಟು) ಆರಿಸಿಕೊಂಡಿದ್ದರೆ ತೋರಿಸು ಎಂಬ ಷರತ್ತಿನ ಸಾಲುಗಳು. ಪ್ಯಾಕೇಜುಗಳನ್ನು ಸ್ಥಾಪಿಸಿ ನೋಡಿಕೊಳ್ಳುವ ಪ್ಯಾಕೇಜ್ ಮ್ಯಾನೇಜರ್ ಆ ಸಾಲುಗಳನ್ನು ತನ್ನಲ್ಲಿರುವುದರೊಂದಿಗೆ ತಾಳೆ ನೋಡುತ್ತದೆ. ಹೊಂದಿದರೆ, ಓದಬೇಕಾದ ಇಷ್ಟು ಸುದ್ದಿಗಳಿವೆ ಎಂದು ಟರ್ಮಿನಲ್ಲಿನಲ್ಲಿ ಎದ್ದುಕಾಣುವಂತೆ ಹೇಳುತ್ತದೆ. ಹೊಸ ಪ್ಯಾಕೇಜು ಹಾಕಲು ಹೊರಟಾಗಲೂ ಮತ್ತೆ ಹೇಳುತ್ತದೆ. ಓದುವವರೆಗೆ ಬಿಡುವುದಿಲ್ಲ. ನನ್ನಲ್ಲಿ ಏನಿದೆ ಎಂಬುದು ನನ್ನ ಯಂತ್ರದಾಚೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ನಿಯಮವನ್ನು ನಾನು ಈ ತಂತ್ರಕ್ಕಿಂತಲೂ ಮುಖ್ಯವೆಂದು ಎಣಿಸುತ್ತೇನೆ. ಸುದ್ದಿ ಬರೆದವರು ಅದನ್ನು ನೇರವಾಗಿ ಹರಿಯಬಿಡುವಂತಿಲ್ಲ. ಕನಿಷ್ಠ 72 ಗಂಟೆ ಮೊದಲು ಇತರ ಅಭಿವರ್ಧಕರ ಮುಂದಿಟ್ಟು ತಿದ್ದುಪಡಿಗೆ ಅವಕಾಶ ಕೊಡಬೇಕು. ಭಾಷೆ ಸ್ಪಷ್ಟವಿದೆಯೇ, ಹಂತಗಳ ಕ್ರಮ ಸರಿಯಿದೆಯೇ, ಇದು ನಿಜಕ್ಕೂ ಎಲ್ಲರನ್ನೂ ತಡೆದು ನಿಲ್ಲಿಸಿ ಹೇಳುವಷ್ಟು ಮಹತ್ವದ್ದೇ ಎಂದು ನಾಲ್ಕು ಜನ ನೋಡುತ್ತಾರೆ. 2017ರ ನವೆಂಬರಿನಲ್ಲಿ 17.0 ಪ್ರೊಫೈಲುಗಳು ಬಂದಾಗ, ಮೊದಲು ಕಂಪೈಲರನ್ನು ಬದಲಿಸಿ ಆಮೇಲೆ ಯಂತ್ರದಲ್ಲಿರುವ ಅಷ್ಟೂ ಪ್ಯಾಕೇಜುಗಳನ್ನು ಹೊಸದಾಗಿ ಕಂಪೈಲ್ ಮಾಡಬೇಕಿತ್ತು. 2024ರ ಮಾರ್ಚಿನಲ್ಲಿ 23.0 ಬಂದಾಗಲೂ ಅಂಥದೇ ದೊಡ್ಡ ಕೆಲಸ. ಹಂತಗಳನ್ನು ಹಿಂದುಮುಂದು ಮಾಡಿದರೆ ವ್ಯವಸ್ಥೆ ಅರ್ಧದಲ್ಲಿ ನಿಲ್ಲುವ ಅಪಾಯವಿತ್ತು. ಎರಡೂ ಸಲ ಈ ಕಡತಗಳು ಹಂತಹಂತವಾಗಿ ದಾರಿ ತೋರಿಸಿದವು. ಎಚ್ಚರಿಕೆ ಬರೆಯುವುದೂ ಕೋಡ್ ಬರೆಯುವಷ್ಟೇ ಜವಾಬ್ದಾರಿಯ ಕೆಲಸವೆಂದು ಜೆಂಟೂ ಒಪ್ಪಿಕೊಂಡಿದೆ. ಬಹುಪಾಲು ಯೋಜನೆಗಳು ಒಪ್ಪಿಕೊಂಡಿಲ್ಲ.

ಆರ್ಚ್ ಲಿನಕ್ಸನ್ನು ಇದರ ಪಕ್ಕಕ್ಕಿಟ್ಟು ನೋಡಬಹುದು. ಅಲ್ಲಿ ಕೈಯಿಂದ ಏನಾದರೂ ಮಾಡಬೇಕಿದ್ದರೆ ಮುಖಪುಟದಲ್ಲಿ ಸುದ್ದಿ ಹಾಕುತ್ತಾರೆ. ಅಪ್‌ಡೇಟಿಗೆ ಮೊದಲು ಅದನ್ನು ಓದುವುದು ಬಳಕೆದಾರನ ಹೊಣೆ ಎಂದು ದಸ್ತಾವೇಜಿನಲ್ಲಿ ಬರೆದಿದ್ದಾರೆ. ಪ್ಯಾಕೇಜ್ ಮ್ಯಾನೇಜರ್ ಮಾತ್ರ ಆ ಸುದ್ದಿಯನ್ನು ತೋರಿಸುವುದಿಲ್ಲ. 2022ರ ಆಗಸ್ಟಿನಲ್ಲಿ ಯಂತ್ರವನ್ನು ಬೂಟ್ ಮಾಡಿಸುವ ಗ್ರಬ್‌ನ ಹೊಸ ಪ್ಯಾಕೇಜು ಬಂತು. ಪ್ಯಾಕೇಜು ಹೊಸದಾದರೂ ಡಿಸ್ಕಿನಲ್ಲಿ ಬೂಟಿಗೆಂದು ಹಿಂದೆ ಸ್ಥಾಪಿಸಿದ ಭಾಗ ಹಳೆಯದಾಗಿಯೇ ಉಳಿಯಿತು, ಸೆಟ್ಟಿಂಗ್ ಕಡತ ಹೊಸ ರೀತಿಯದಾಯಿತು, ಎರಡೂ ಹೊಂದಲಿಲ್ಲ. ಗ್ರಬ್ಬನ್ನು ಕೈಯಿಂದ ಮರುಸ್ಥಾಪಿಸಿ ಎಂಬ ಎಚ್ಚರಿಕೆ ಆರ್ಚ್ ಮುಖಪುಟಕ್ಕೆ ಬಂದದ್ದು ಆಗಸ್ಟ್ 30ಕ್ಕೆ. ಆರ್ಚ್‌ನ ಮೇಲೆ ಕಟ್ಟಿದ ಎಂಡೆವರ್‌ಒಎಸ್‌ನ ಅನೇಕ ಬಳಕೆದಾರರ ಯಂತ್ರಗಳು ಅಷ್ಟರಲ್ಲಿ ಬೂಟ್ ಆಗದೆ ನಿಂತಿದ್ದವು. ಜಾಲತಾಣದ ಸುದ್ದಿಯನ್ನು ಓದಬೇಕೆಂದರೆ ಅವರ ಬಳಿ ಓಡುವ ಕಂಪ್ಯೂಟರೇ ಇರಲಿಲ್ಲ. ಓದದ ಸುದ್ದಿಯಿದ್ದರೆ ಅಪ್‌ಡೇಟನ್ನೇ ತಡೆಯುವ ಇನ್‌ಫಾರ್ಮಂಟ್ ಎಂಬ ಸಾಧನವನ್ನು ಆರ್ಚ್ ಬಳಕೆದಾರರೇ ಮಾಡಿಕೊಂಡಿದ್ದಾರೆ. ಆದರೆ ಅದನ್ನು ಹುಡುಕಿ ಹಾಕಿಕೊಳ್ಳುವವರು ಹೇಗೂ ಮುಖಪುಟ ನೋಡುವ ಅಭ್ಯಾಸದವರೇ. ನೋಡದವರಿಗೆ ಬೇಕಾದ ಸಾಧನ ಮೊದಲಿನಿಂದಲೇ ಒಳಗಿರಬೇಕು.

ಸಂಬಂಧಪಟ್ಟವರಿಗೆ ಮಾತ್ರ ಎಂಬ ಷರತ್ತು ಏಕೆ ಬೇಕೆಂಬುದು 2024ರ ಮಾರ್ಚ್ 29ರಂದು ಎಲ್ಲರಿಗೂ ಅರಿವಾಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಅಭಿವರ್ಧಕ, ಮೈಕ್ರೋಸಾಫ್ಟ್ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುವುದನ್ನು ಗಮನಿಸಿ ಜಾಡು ಹಿಡಿದು ಹೊರಟರು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಚಿಕ್ಕ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಉದ್ದೇಶಪೂರ್ವಕವಾಗಿ ಹಿಂಬಾಗಿಲು ಇಟ್ಟಿದ್ದು ಹೊರಬಂತು. ಸುದ್ದಿ ಕೆಲವೇ ಗಂಟೆಗಳಲ್ಲಿ ಜಗತ್ತನ್ನು ಸುತ್ತಿತು. ಲಿನಕ್ಸ್ ಬಳಸುವವರೆಲ್ಲ ಗಾಬರಿಯಾದರು. ವಾಸ್ತವದಲ್ಲಿ ಆ ಆವೃತ್ತಿಗಳು ಡೆಬಿಯನ್‌ನ ಸ್ಥಿರ ಬಿಡುಗಡೆಯನ್ನು ಮುಟ್ಟಿಯೇ ಇರಲಿಲ್ಲ. ಅವು ಸೇರಿದ್ದದ್ದು ಡೆಬಿಯನ್‌ನ ಪರೀಕ್ಷಾ ಶಾಖೆಗಳನ್ನು, ಫೆಡೋರಾದ ಬಿಡುಗಡೆಯಾಗದ ಆವೃತ್ತಿಯನ್ನು, ಆರ್ಚ್ ಮತ್ತು ಓಪನ್‌ಸೂಸೆ ಟಂಬಲ್‌ವೀಡ್‌ನಂಥ ನಿರಂತರ ಬದಲಾಗುವ ವ್ಯವಸ್ಥೆಗಳನ್ನು. ಆರ್ಚ್‌ನಲ್ಲಿ ಎಸ್‌ಎಸ್‌ಎಚ್ ಸರ್ವರು ಎಕ್ಸ್‌ಝಡ್‌ನ ಗ್ರಂಥಾಲಯಕ್ಕೆ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಕೋಡಿಗೆ) ನೇರವಾಗಿ ಜೋಡಿಕೊಂಡಿರದಿದ್ದ ಕಾರಣ ಅಲ್ಲಿನ ಅಪಾಯದ ಸ್ವರೂಪವೂ ಬೇರೆ. ಹೀಗೆ ಒಂದೇ ಸುದ್ದಿ ಕೆಲವರಿಗೆ ಈ ಗಳಿಗೆಯೇ ಸರ್ವರನ್ನು ಜಾಲದಿಂದ ಬೇರ್ಪಡಿಸಿ ಎಂಬ ಸೂಚನೆ, ಬಹುಪಾಲು ಜನರಿಗೆ ಏನೂ ಮಾಡಬೇಕಿಲ್ಲ ಎಂಬ ಸಮಾಧಾನ. ಪತ್ರಿಕೆಯ ತಲೆಬರಹದಿಂದ ಈ ವ್ಯತ್ಯಾಸ ತಿಳಿಯುವುದಿಲ್ಲ. ಅವರವರ ಯಂತ್ರದಲ್ಲಿರುವ ಆವೃತ್ತಿ ಯಾವುದೆಂದು ಬಲ್ಲ ಪ್ಯಾಕೇಜ್ ಮ್ಯಾನೇಜರಿಗೆ ತಿಳಿಯುತ್ತದೆ.

ಆ ದಿನದ ಒಂದು ಸಣ್ಣ ವಿವರ ನನಗೆ ಬಹಳ ಹಿಡಿಸಿದೆ. ಪ್ಯಾಕೇಜ್ ಮ್ಯಾನೇಜರುಗಳು ಮೇಲಿನ ಸಂಖ್ಯೆಗೆ ಮಾತ್ರ ಹೋಗುತ್ತವೆ, ತಾವಾಗಿ ಹಿಂದಿನ ಆವೃತ್ತಿಗೆ ಇಳಿಯುವುದಿಲ್ಲ. ಆದ್ದರಿಂದ ಡೆಬಿಯನ್‌ನವರು ಹಳೆಯ, ಸುರಕ್ಷಿತ 5.4.5ನ್ನು ಹೊಸದೆಂಬಂತೆ ಕಟ್ಟಿ, ಆವೃತ್ತಿಯ ಹೆಸರಿನಲ್ಲಿ 5.6.1 ಎಂದು ಬರೆದು ಅದರ ಮುಂದೆಯೇ ‘ನಿಜವಾಗಿ 5.4.5’ ಎಂಬರ್ಥದ ಇಂಗ್ಲಿಷ್ ಪದವನ್ನು ಸೇರಿಸಿದರು. ಏನೂ ಓದದೆ ಎಂದಿನಂತೆ ಅಪ್‌ಡೇಟ್ ಮಾಡಿದವರೂ ಸುರಕ್ಷಿತ ಜಾಗಕ್ಕೆ ಬಂದು ನಿಂತರು. ಹೆಸರನ್ನು ಗಮನಿಸಿದವರಿಗೆ ನಡೆದದ್ದೇನೆಂಬ ಸುಳಿವೂ ಸಿಕ್ಕಿತು.

ಎಚ್ಚರಿಕೆಯ ದಾರಿಯನ್ನು ಕಟ್ಟುವುದು ಕಷ್ಟ, ಕೆಡಿಸುವುದು ಸುಲಭ. ಉಬುಂಟು ಸರ್ವರಿಗೆ ಲಾಗಿನ್ ಆದ ಕೂಡಲೇ ಮೇಲ್ಭಾಗದಲ್ಲಿ ಕೆಲವು ಸಾಲುಗಳು ಕಾಣುತ್ತವೆ: ಎಷ್ಟು ಅಪ್‌ಡೇಟುಗಳು ಬಾಕಿ ಇವೆ, ಅವುಗಳಲ್ಲಿ ಭದ್ರತೆಯವು ಎಷ್ಟು, ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕೇ. ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. 2017ರಲ್ಲಿ ಅದೇ ಜಾಗಕ್ಕೆ, ಉಬುಂಟು ತಯಾರಿಸುವ ಕೆನಾನಿಕಲ್ ಕಂಪನಿಯ ಸರ್ವರಿನಿಂದ ಸುದ್ದಿ ತಂದು ತೋರಿಸುವ ವ್ಯವಸ್ಥೆ ಸೇರಿತು. ಆ ಜೂನ್‌ನಲ್ಲಿ ಜಗತ್ತಿನ ಸರ್ವರ್ ನಿರ್ವಾಹಕರು ಅಲ್ಲಿ ಕಂಡದ್ದು ಅಮೆರಿಕದ ಟಿವಿ ಧಾರಾವಾಹಿಯೊಂದರ ಆ್ಯಪನ್ನು ಹೇಗೆ ತಯಾರಿಸಿದರೆಂಬ ಲೇಖನದ ಕೊಂಡಿಯನ್ನು. ಸುದ್ದಿ ತರಲು ಹೋಗುವಾಗ ಯಂತ್ರದ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು), ಪ್ರೊಸೆಸರ್ ಮುಂತಾದ ವಿವರಗಳೂ ಆಚೆಗೆ ಹೋಗುತ್ತಿದ್ದವು. 2022ರ ಅಕ್ಟೋಬರಿನಲ್ಲಿ ಅಪ್‌ಡೇಟ್ ಆಜ್ಞೆಯ ಫಲಿತಾಂಶದೊಳಗೇ ಉಬುಂಟು ಪ್ರೊ ಸೇವೆಯ ಪ್ರಚಾರದ ಸಾಲು ಬಂತು. ಪ್ರೊ ಸೇವೆಯಿಂದ ಹೆಚ್ಚಿನ ಪ್ಯಾಕೇಜುಗಳಿಗೆ ಭದ್ರತಾ ಅಪ್‌ಡೇಟ್ ಸಿಗುವುದು ನಿಜ, ವೈಯಕ್ತಿಕ ಬಳಕೆಗೆ ಐದು ಯಂತ್ರಗಳವರೆಗೆ ಅದು ಉಚಿತ ಎಂಬುದೂ ನಿಜ. ಆದರೂ ಇದು ತಪ್ಪು ನಡೆಯೆಂದೇ ನನ್ನ ಖಚಿತ ಅಭಿಪ್ರಾಯ. ಪ್ರಚಾರದ ಸಾಲನ್ನು ನಾಲ್ಕು ಸಲ ಕಂಡ ಕಣ್ಣು ಐದನೇ ಸಲ ಆ ಜಾಗವನ್ನೇ ದಾಟಿ ಕೆಳಗಿಳಿಯುತ್ತದೆ. ಮುಂದೊಂದು ದಿನ ಅಲ್ಲಿ ಬರುವ ನಿಜವಾದ ಎಚ್ಚರಿಕೆ ಯಾರಿಗೂ ಕಾಣುವುದಿಲ್ಲ.

ಎಚ್ಚರಿಕೆ ನಂಬಲರ್ಹವೇ ಎಂಬುದೂ ಪ್ರಶ್ನೆಯೇ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ಕನ್ನ ಹಾಕಿ, 17.3 ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲಿರುವ ನಕಲಿಯ ಕಡೆಗೆ ತಿರುಗಿಸಲಾಗಿತ್ತು. 2018ರ ಜೂನ್‌ನಲ್ಲಿ ಗಿಟ್‌ಹಬ್‌ನಲ್ಲಿದ್ದ ಜೆಂಟೂ ಖಾತೆ ದಾಳಿಕೋರರ ಕೈಗೆ ಸಿಕ್ಕಿತು. ಅದು ನಕಲು ಪ್ರತಿಯಷ್ಟೇ ಆಗಿದ್ದು, ಮೂಲ ಸಂಗ್ರಹ ಯೋಜನೆಯ ಸ್ವಂತ ಸರ್ವರಿನಲ್ಲಿದ್ದ ಕಾರಣ ದೊಡ್ಡ ಅನಾಹುತ ತಪ್ಪಿತು. ಜಾಲತಾಣದಲ್ಲಿ ಹಾಕಿದ ಎಚ್ಚರಿಕೆಯನ್ನು ಯಾರು ಬರೆದರೆಂದು ಪರಿಶೀಲಿಸುವುದು ಬಳಕೆದಾರನಿಗೆ ಕಷ್ಟ. ಪ್ಯಾಕೇಜಿನ ಜೊತೆ ಬರುವ ಎಚ್ಚರಿಕೆಗೆ ಪ್ಯಾಕೇಜಿಗಿರುವಂಥದೇ ಡಿಜಿಟಲ್ ಸಹಿಯ ರಕ್ಷಣೆ ಸಿಗುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಯಂತ್ರದ ಮುಂದೆ ಒಬ್ಬರು ಕೂತಿದ್ದಾರೆ ಎಂಬ ಊಹೆಯ ಮೇಲೆ ನಿಂತಿದೆ. ಇಂದು ಲಿನಕ್ಸ್ ಓಡುವ ಬಹುಪಾಲು ಕಡೆ ಹಾಗಿಲ್ಲ. ಉಬುಂಟುವಿನಲ್ಲಿ ಭದ್ರತಾ ಅಪ್‌ಡೇಟುಗಳು ತಾವಾಗಿ ಇಳಿದು ಸ್ಥಾಪನೆಯಾಗುತ್ತವೆ. ಇದು ಒಳ್ಳೆಯದೇ, ಸಾಮಾನ್ಯ ಬಳಕೆದಾರನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಆದರೆ ಓದುವವರು ಯಾರೂ ಇಲ್ಲದ ಹೊತ್ತಿನಲ್ಲಿ ಎಚ್ಚರಿಕೆ ಎಲ್ಲಿಗೆ ಹೋಗಬೇಕು? ಡೆಬಿಯನ್‌ನಲ್ಲಿ ಪ್ಯಾಕೇಜಿನ ಮಹತ್ವದ ಬದಲಾವಣೆಗಳನ್ನು ಅಪ್‌ಡೇಟಿಗೆ ಮೊದಲು ತೆರೆದು ತೋರಿಸುವ ಸಾಧನವಿದೆ. ಎದುರಿಗೆ ಯಾರೂ ಇಲ್ಲದಾಗ ಅದು ಆ ಟಿಪ್ಪಣಿಯನ್ನು ಯಂತ್ರದ ಒಳಗಿನ ರೂಟ್ ಎಂಬ ನಿರ್ವಾಹಕ ಖಾತೆಗೆ ಇಮೇಲ್ ಮಾಡುತ್ತದೆ. ಆ ಅಂಚೆಯನ್ನು ಹೊರಗೆ ಕಳುಹಿಸುವ ಏರ್ಪಾಡು ಮಾಡದಿದ್ದರೆ ಅದು ವರ್ಷಗಟ್ಟಲೆ ಅಲ್ಲೇ ಕೊಳೆಯುತ್ತದೆ. ಹೊಸ ಕರ್ನಲ್ ಸ್ಥಾಪನೆಯಾದಾಗ ರೀಸ್ಟಾರ್ಟ್ ಬೇಕೆಂದು ಗುರುತಿಸಲು ಉಬುಂಟು ಒಂದು ಕಡತವನ್ನು ಸೃಷ್ಟಿಸುತ್ತದೆ. ಯಾರೂ ಲಾಗಿನ್ ಆಗದ ಸರ್ವರಿನಲ್ಲಿ ಆ ಕಡತ ಇರುತ್ತದೆ, ಹಳೆಯ ಕರ್ನಲ್ ಓಡುತ್ತಲೇ ಇರುತ್ತದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಕಂಡ ಹಾರ್ಟ್‌ಬ್ಲೀಡ್ ದೋಷದಲ್ಲೂ ಅನೇಕರು ಪ್ಯಾಕೇಜು ಬದಲಿಸಿ ನೆಮ್ಮದಿಯಿಂದಿದ್ದರು. ಹಳೆಯ ಗ್ರಂಥಾಲಯವನ್ನು ಮೆಮೊರಿಯಲ್ಲಿ ಹಿಡಿದಿದ್ದ ವೆಬ್ ಸರ್ವರನ್ನು ರೀಸ್ಟಾರ್ಟ್ ಮಾಡಬೇಕು, ಪ್ರಮಾಣಪತ್ರ ಬದಲಿಸಬೇಕು ಎಂಬುದು ಹೊಳೆಯಲಿಲ್ಲ. ಯಾವ ಸೇವೆಗಳನ್ನು ರೀಸ್ಟಾರ್ಟ್ ಮಾಡಬೇಕೆಂದು ಹುಡುಕಿ ಹೇಳುವ ನೀಡ್‌ರೀಸ್ಟಾರ್ಟ್ ಎಂಬ ಸಾಧನ ಈಗ ಉಬುಂಟು ಸರ್ವರಿನಲ್ಲಿ ಮೊದಲಿನಿಂದಲೇ ಇರುತ್ತದೆ. ಅದರಲ್ಲೇ ಹತ್ತು ವರ್ಷ ಅಡಗಿದ್ದ ದೋಷಗಳನ್ನು 2024ರ ನವೆಂಬರಿನಲ್ಲಿ ಭದ್ರತಾ ಸಂಸ್ಥೆ ಕ್ವಾಲಿಸ್ ಹೊರಗೆಡವಿತು. ಎಚ್ಚರಿಸುವ ಸಾಧನವನ್ನೂ ಉಳಿದವುಗಳಷ್ಟೇ ಕಟ್ಟುನಿಟ್ಟಾಗಿ ತಪಾಸಣೆ ಮಾಡಬೇಕಾಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಬೇರೆಯೇ ಒಂದು ಸ್ಥಿತಿ, ಬೆಂಬಲ ಮುಗಿದ ಆವೃತ್ತಿಗಳದು. ಅವಧಿ ಮುಗಿದ ಮೇಲೆ ಹೊಸ ಪ್ಯಾಕೇಜುಗಳು ಬರುವುದು ನಿಲ್ಲುತ್ತದೆ. ಅಪ್‌ಡೇಟ್ ಸಾಧನ ನೋಡುತ್ತದೆ, ಹೊಸದೇನೂ ಇಲ್ಲ, ಆದ್ದರಿಂದ ಎಲ್ಲವೂ ಇತ್ತೀಚಿನದೇ ಎಂದು ಹಸಿರು ಗುರುತು ತೋರಿಸುತ್ತದೆ. ಅತ್ಯಂತ ಅಪಾಯದಲ್ಲಿರುವ ಯಂತ್ರ ಅತ್ಯಂತ ಆರೋಗ್ಯವಂತನಂತೆ ಕಾಣುತ್ತದೆ. 2021ರ ಫೆಬ್ರವರಿಯಲ್ಲಿ ಮಿಂಟ್ ಯೋಜನೆಯವರು ತಮಗೆ ಸಿಕ್ಕಿದ ಅಲ್ಪಸ್ವಲ್ಪ ಅಂಕಿಅಂಶಗಳನ್ನು ಬಳಕೆದಾರರ ಮುಂದಿಟ್ಟರು. ಹೊಸ ಬ್ರೌಸರ್ ಬಂದ ವಾರದೊಳಗೆ ಅದನ್ನು ಹಾಕಿಕೊಂಡವರು ಸುಮಾರು ಶೇ. 30 ಮಾತ್ರ. 2019ರ ಏಪ್ರಿಲ್‌ನಲ್ಲೇ ಬೆಂಬಲ ಮುಗಿದಿದ್ದ 17ನೇ ಸರಣಿಯನ್ನು ಇನ್ನೂ ಬಳಸುತ್ತಿದ್ದವರ ಪ್ರಮಾಣ ಶೇ. 5ರಿಂದ 30ರ ನಡುವೆ ಎಲ್ಲೋ ಇತ್ತು. ಈ ಅಂತರ ಇಷ್ಟು ದೊಡ್ಡದಾಗಿರುವುದೇ ಯೋಜನೆಗಳಿಗೆ ತಮ್ಮ ಬಳಕೆದಾರರ ಬಗ್ಗೆ ಎಷ್ಟು ಕಡಿಮೆ ತಿಳಿದಿದೆ ಎಂಬುದಕ್ಕೆ ಸಾಕ್ಷಿ. ಪ್ರತಿ ಅಪ್‌ಡೇಟಿಗೆ ಸ್ವಲ್ಪ ಕಾದು, ತೀರಾ ಹಳತಾದರೆ ನೆನಪಿಸುವಂತೆ ತಮ್ಮ ಅಪ್‌ಡೇಟ್ ಸಾಧನವನ್ನು ಅವರು ಬಳಿಕ ತಿದ್ದಿದರು.

ನಮ್ಮ ಕಡೆ ಹಳೆಯ ಕಂಪ್ಯೂಟರಿಗೆ ಮರುಜೀವ ಕೊಡಲು ಲಿನಕ್ಸ್ ಹಾಕಿಸಿಕೊಂಡವರು ಸಾಕಷ್ಟಿದ್ದಾರೆ. ಹಾಕಿಕೊಟ್ಟವರು ಒಬ್ಬರು, ದಿನಾ ಕೂತು ಕೆಲಸ ಮಾಡುವವರು ಇನ್ನೊಬ್ಬರು. ಡೆಬಿಯನ್‌ನ ಅನುಸ್ಥಾಪಕ ಕನ್ನಡದಲ್ಲಿ ಮಾತಾಡುತ್ತದೆ, ಗ್ನೋಮ್ ಡೆಸ್ಕ್‌ಟಾಪಿನ ಮೆನುಗಳು ಕನ್ನಡದಲ್ಲಿ ಸಿಗುತ್ತವೆ, ಸ್ವಯಂಸೇವಕರು ವರ್ಷಗಟ್ಟಲೆ ದುಡಿದು ಮಾಡಿಕೊಟ್ಟ ಕೆಲಸವದು. ಭದ್ರತಾ ಪ್ರಕಟಣೆಗಳು ಇಂಗ್ಲಿಷಿನಲ್ಲೇ ಬರುತ್ತವೆ. ಅವನ್ನೆಲ್ಲ ಕನ್ನಡಕ್ಕೆ ತರುವುದು ಆಗದ ಮಾತು, ಅವಶ್ಯವೂ ಇಲ್ಲ. ಆದರೆ ಜೆಂಟೂವಿನ ಸುದ್ದಿ ಕಡತಕ್ಕೆ ಭಾಷೆಯ ಸಂಕೇತ ಹಚ್ಚಿ ಅನುವಾದ ಸೇರಿಸುವ ಜಾಗ ಮೊದಲ ದಿನದಿಂದಲೇ ಇದೆ. ಡೆಬಿಯನ್‌ನ ಪ್ಯಾಕೇಜುಗಳು ಅಪ್‌ಡೇಟಿನ ನಡುವೆ ಕೇಳುವ ಪ್ರಶ್ನೆಗಳನ್ನೂ ಅನುವಾದಿಸಬಹುದು. ಕನ್ನಡಕ್ಕೆ ಮೊದಲು ಬೇಕಾದವು ಬೆರಳೆಣಿಕೆಯ ಸ್ಥಿರ ವಾಕ್ಯಗಳು: ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಈ ಕೀಲಿ ಸುರಕ್ಷಿತವಲ್ಲ, ಈ ಆವೃತ್ತಿಯ ಬೆಂಬಲ ಇಂಥ ದಿನ ಮುಗಿಯುತ್ತದೆ.

ಆ ಕೊನೆಯ ವಾಕ್ಯಕ್ಕೆ ಬೇಕಾದ ಸಾಮಗ್ರಿ ಯಂತ್ರದಲ್ಲಿ ಈಗಾಗಲೇ ಇದೆ. ಡೆಬಿಯನ್ ಮತ್ತು ಉಬುಂಟುವಿನ ಪ್ರತಿಯೊಂದು ಬಿಡುಗಡೆಯ ಬೆಂಬಲ ಎಂದು ಮುಗಿಯುತ್ತದೆ ಎಂಬ ಪಟ್ಟಿ ಒಂದು ಪುಟ್ಟ ಪ್ಯಾಕೇಜಿನಲ್ಲಿ ಲಭ್ಯ. ವ್ಯವಸ್ಥೆಯ ಹೆಸರು, ಆವೃತ್ತಿಗಳನ್ನು ಹೇಳುವ ಕಡತದಲ್ಲಿ ಬೆಂಬಲದ ಕೊನೆಯ ದಿನಾಂಕಕ್ಕೂ ಒಂದು ಸಾಲನ್ನು, ಲಿನಕ್ಸಿನ ಬೂಟ್ ಮತ್ತು ಸೇವೆಗಳನ್ನು ನಡೆಸುವ ಸಿಸ್ಟಂಡಿ ಯೋಜನೆ 2022ರಲ್ಲಿ ಗೊತ್ತುಮಾಡಿತು. ಫೆಡೋರಾ ಅದನ್ನು ತುಂಬುತ್ತಿದೆ. ದಿನಾಂಕ ದಾಟಿದ್ದರೆ ಬೂಟ್ ಆಗುವಾಗ ಎಚ್ಚರಿಕೆ ಮೂಡುತ್ತದೆ, ಆದರೆ ಡೆಸ್ಕ್‌ಟಾಪಿನಲ್ಲಿ ಆ ಹೊತ್ತಿಗೆ ಪರದೆಯ ಮೇಲಿರುವುದು ಲೋಗೋ. ಅಪ್‌ಡೇಟ್ ಸಾಧನಗಳು ಹಸಿರು ಗುರುತು ಹಾಕುವ ಮುನ್ನ ಆ ಒಂದು ಸಾಲನ್ನು ಓದಬೇಕು. ದಿನಾಂಕ ಕಳೆದಿದ್ದರೆ ಹಸಿರಿನ ಬದಲು ಕೆಂಪು ತೋರಿಸಬೇಕು, ಮುಂದಿನ ಆವೃತ್ತಿಗೆ ಹೋಗುವ ದಾರಿಯನ್ನು ಅದರ ಪಕ್ಕದಲ್ಲೇ ಇಡಬೇಕು. ಕೆಲವು ತಿಂಗಳು ಮೊದಲೇ ಹೇಳಲು ಆರಂಭಿಸಿದರೆ ಇನ್ನೂ ಒಳಿತು. ಆ ಯಂತ್ರವನ್ನು ಹಾಕಿಕೊಟ್ಟವರನ್ನು ಹುಡುಕಿ ಕರೆಸಲು ಸಮಯ ಬೇಕಲ್ಲ.